ಮಗಳ ಕಿವಿಯಲ್ಲಿ ಕೊರಿಯಾದ ಹಾಡು: ಸಂಗೀತ ಮನುಷ್ಯರನ್ನು ಬದಲಿಸುತ್ತದೆಯೇ?

ಪ್ರಶ್ನೆ: ನನ್ನ ಮಗಳಿಗೆ ಹದಿನಾರು, ಮೊದಲ ವರ್ಷದ ಪಿಯುಸಿ. ಕಳೆದ ವರ್ಷದಿಂದ ಅವಳ ಕಿವಿಯಲ್ಲಿ ಇಯರ್‌ಫೋನ್ ಇಲ್ಲದ ಹೊತ್ತೇ ಇಲ್ಲ. ಕೇಳುವುದೆಲ್ಲ ಕೊರಿಯಾದ ಬಿಟಿಎಸ್ ತಂಡದ ಹಾಡು. ಒಂದು ಪದವೂ ಗೊತ್ತಿಲ್ಲದ ಆ ಹಾಡು ಕೇಳಿ ಕಣ್ಣೀರು ಹಾಕುತ್ತಾಳೆ, ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಕೊರಿಯನ್ ಅಕ್ಷರ ತಿದ್ದುತ್ತಾಳೆ. ಮಾತು, ಬಟ್ಟೆ, ‘ನನ್ನ ಜೀವನ, ನನ್ನ ಇಷ್ಟ’ ಎನ್ನುವ ಧಾಟಿ, ಎಲ್ಲ ಬದಲಾಗಿದೆ. ನಮ್ಮದು ಸಂಜೆಯಾದರೆ ವಚನ ಹಾಡುತ್ತಿದ್ದ ಮನೆ. ನಾನೂ ಮದುವೆಗೆ ಮೊದಲು ಹಿಂದೂಸ್ತಾನಿ ಕಲಿತಿದ್ದೆ, ಆಮೇಲೆ ಬಿಟ್ಟುಹೋಯಿತು. ಹಾಡು ಮನುಷ್ಯರ ಸ್ವಭಾವವನ್ನೇ ಬದಲಿಸುತ್ತದೆಯೇ? ದುಃಖದ ಹಾಡನ್ನೇ ಹೆಚ್ಚು ಕೇಳುತ್ತಾಳೆ, ಹೆದರಬೇಕೇ? ಈಗ ಸಂಗೀತ ಕ್ಲಾಸಿಗೆ ಹಾಕಿದರೆ ಸರಿಹೋದಾಳೇ, ಅಥವಾ ವಯಸ್ಸು ಮೀರಿತೇ?
— ಹೆಸರು ಬೇಡ, ಹಾವೇರಿ

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳಿಬಿಡುತ್ತೇನೆ. ಇಯರ್‌ಫೋನಿನಲ್ಲಿ ಕೇಳಿದ ಹಾಡು ತಾನಾಗಿ ಯಾರ ಸ್ವಭಾವವನ್ನೂ ತಿರುಗಿಸಿಬಿಡುವುದಿಲ್ಲ. ಆದರೆ ಹಾಡನ್ನು ಹಿಡಿದು ನಾವು ಏನು ಮಾಡುತ್ತೇವೆ, ಯಾರ ಜೊತೆ ಮಾಡುತ್ತೇವೆ, ಎಷ್ಟು ಕಾಲ ಮಾಡುತ್ತೇವೆ ಎಂಬುದು ಖಂಡಿತ ನಮ್ಮನ್ನು ರೂಪಿಸುತ್ತದೆ. ಸಂಗೀತದ ಮನೋವಿಜ್ಞಾನ ಓದಿಕೊಂಡು, ಜೊತೆಗೆ ಹಾಡು ಕಲಿಸುತ್ತಲೂ ಬಂದಿರುವ ನನಗೆ ಈ ಎರಡರ ಅಂತರ ಬಹಳ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಆತಂಕವೆಲ್ಲ ಕೇಳುವುದರ ಬಗ್ಗೆ ಇದೆ. ನಾನು ಹೆಚ್ಚು ಹೇಳಬೇಕಾಗಿರುವುದು ಮಾಡುವುದರ ಬಗ್ಗೆ.

ಆತಂಕವನ್ನೇ ಮೊದಲು ನೋಡೋಣ. ಟೆಕ್ಸಾಸ್ ವಿಶ್ವವಿದ್ಯಾಲಯದ ರೆಂಟ್‌ಫ್ರೋ ಮತ್ತು ಗಾಸ್ಲಿಂಗ್ ಎಂಬ ಇಬ್ಬರು ಮನೋವಿಜ್ಞಾನಿಗಳು 2003ರಲ್ಲಿ ಸಾವಿರಾರು ಜನರ ಸಂಗೀತದ ರುಚಿಯನ್ನೂ ಸ್ವಭಾವವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನವನ್ನು ಪ್ರಕಟಿಸಿದರು. ಹೊಸ ಅನುಭವಗಳಿಗೆ ತೆರೆದುಕೊಳ್ಳುವವರು ಸಂಕೀರ್ಣವಾದ ಸಂಗೀತದತ್ತ, ಜನರ ನಡುವೆ ಇರಲು ಬಯಸುವವರು ಚುರುಕು ಲಯದ ಹಾಡುಗಳತ್ತ ಸ್ವಲ್ಪ ಹೆಚ್ಚು ವಾಲುತ್ತಾರೆ ಎಂಬುದು ಅದರಲ್ಲಿ ಕಂಡ ನಂಟು. ನಂಟು ಇದೆ, ಆದರೆ ತೀರಾ ಗಾಢವಾದದ್ದಲ್ಲ. ಹಾಡು ಸ್ವಭಾವವನ್ನು ಮಾಡಿತೇ, ಸ್ವಭಾವ ಹಾಡನ್ನು ಆರಿಸಿತೇ ಎಂಬುದನ್ನು ಅಂಥ ನಂಟು ಹೇಳಲಾರದು. ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು. ಮನೆಯಿಂದ ಆಚೆಗೆ ಒಂದು ಜಗತ್ತಿದೆ ಎಂದು ಕುತೂಹಲಪಡುವ ಹುಡುಗಿ ಆಚೆಗಿನ ಹಾಡನ್ನು ಹುಡುಕಿಕೊಳ್ಳುತ್ತಾಳೆ. ನಿಮ್ಮ ಮಗಳ ‘ನನ್ನ ಜೀವನ, ನನ್ನ ಇಷ್ಟ’ ಹದಿನಾರರ ಮಾತು. ಬಿಟಿಎಸ್ ಇರದಿದ್ದರೆ ಬೇರೆ ಯಾವುದನ್ನೋ ಹಿಡಿದುಕೊಂಡು ಅದೇ ಮಾತನ್ನು ಆಡುತ್ತಿದ್ದಳು.

ಮಕ್ಕಳನ್ನು ಹಾಡು ಕೆಡಿಸುತ್ತದೆ ಎಂಬ ಭಯ ನಿಮ್ಮೊಬ್ಬರದೇ ಅಲ್ಲ. ರಾಕ್ ಹಾಡುಗಳ ಸಾಹಿತ್ಯ ಮಕ್ಕಳ ಮೇಲೆ ಏನು ಮಾಡುತ್ತದೆ ಎಂದು ಅಮೆರಿಕದ ಸೆನೆಟ್ 1985ರಲ್ಲಿ ವಿಚಾರಣೆಯನ್ನೇ ನಡೆಸಿತು, ಆಲ್ಬಂಗಳ ಮೇಲೆ ಪಾಲಕರಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಪದ್ಧತಿ ಬಂದದ್ದು ಆ ಗಲಾಟೆಯಿಂದ. ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಒಂದಿದೆ, ‘ಒಳ್ಳೆಯ’ ಸಂಗೀತ ಕೇಳಿಸಿದರೆ ಮಗು ಜಾಣನಾಗುತ್ತದೆ ಎಂಬುದು. 1993ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಅಂಕ ತುಸು ಏರಿತು, ಹದಿನೈದು ನಿಮಿಷದೊಳಗೆ ಆ ಏರಿಕೆ ಕರಗಿಯೂ ಹೋಯಿತು. ಇಷ್ಟರ ಮೇಲೆ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಮುದ್ರಿಕೆ ಕೊಡಲು ಬಜೆಟ್ಟಿನಲ್ಲಿ ಹಣ ಕೇಳಿದರು. ಕೇಳಿದ್ದರಿಂದಲೇ ಕೆಡುತ್ತಾರೆ, ಕೇಳಿದ್ದರಿಂದಲೇ ಉದ್ಧಾರವಾಗುತ್ತಾರೆ, ಈ ಎರಡೂ ಒಂದೇ ತಪ್ಪು ತಿಳಿವಳಿಕೆ. ನೀವು ಒಂದರ ಭಯದಲ್ಲಿ ಇನ್ನೊಂದಕ್ಕೆ ಹಾರಬಾರದು ಎಂದು ಇದನ್ನು ಹೇಳುತ್ತಿದ್ದೇನೆ. ಕೊರಿಯಾದ ಹಾಡು ನಿಲ್ಲಿಸಿ ವಚನ ಹಚ್ಚಿಟ್ಟರೆ ಮಗಳು ತಿದ್ದಿಕೊಳ್ಳುವುದಿಲ್ಲ. ವಚನದ ಮೇಲೆ ಅವಳಿಗೆ ಸಿಟ್ಟು ಬರಬಹುದು, ಅಷ್ಟೇ.

ಹಾಗೆಂದು ಕೇಳುವುದು ಏನನ್ನೂ ಮಾಡುವುದಿಲ್ಲ ಎಂದಲ್ಲ. ಕಿವಿಯೇ ಕೇಳಿಕೇಳಿ ಕಟ್ಟಿಕೊಂಡದ್ದು. ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ನನಗೆ ಬಹಳ ಇಷ್ಟ. ಬಾಲ್ಕನ್ ನಾಡುಗಳ ಸಂಗೀತದಲ್ಲಿ ನಮ್ಮ ಖಂಡಛಾಪು, ಮಿಶ್ರಛಾಪು ತಾಳಗಳ ಹಾಗೆ ಸಮವಾಗಿ ಒಡೆಯದ ಲಯಗಳಿವೆ. ಅಂಥ ಲಯದಲ್ಲಿ ಎಲ್ಲಿ ತಪ್ಪಿತು ಎಂಬುದನ್ನು ಉತ್ತರ ಅಮೆರಿಕದ ದೊಡ್ಡವರು ಹಿಡಿಯಲಾರದೆ ಹೋದರು. ಅದೇ ಊರಿನ ಆರು ತಿಂಗಳ ಕೂಸುಗಳು ಹಿಡಿದವು. ವರ್ಷ ತುಂಬುವ ಹೊತ್ತಿಗೆ ಕೂಸುಗಳ ಕಿವಿಯೂ ದೊಡ್ಡವರ ದಾರಿ ಹಿಡಿದಿತ್ತು. ಆದರೆ ಎರಡು ವಾರ ಮನೆಯಲ್ಲಿ ಆ ಸಂಗೀತ ಹಾಕಿದರೆ ಮತ್ತೆ ತಿಳಿಯತೊಡಗಿದವು, ದೊಡ್ಡವರಿಗೆ ಮಾತ್ರ ಆಗಲಿಲ್ಲ. ಅಂದರೆ ಯಾವುದು ‘ನಮ್ಮದು’ ಅನ್ನಿಸುತ್ತದೆ ಎಂಬುದು ತೊಟ್ಟಿಲಲ್ಲೇ ಶುರುವಾಗುತ್ತದೆ. ನಿಮ್ಮ ಮನೆಯ ಸಂಜೆಯ ವಚನಗಳು ನಿಮ್ಮ ಮಗಳ ಕಿವಿಯನ್ನು ಆಗಲೇ ಕಟ್ಟಿವೆ. ಅದರ ಮೇಲೆ ಏನು ಬಂದರೂ ಅಡಿಪಾಯ ಕಿತ್ತುಹೋಗುವುದಿಲ್ಲ.

ಇನ್ನು ಹದಿಹರೆಯದ್ದು ಬೇರೆಯೇ ಕಥೆ. ನಡುವಯಸ್ಸು ದಾಟಿದವರನ್ನು ಹಳೆಯ ನೆನಪು ಕೇಳಿ ನೋಡಿ, ಹತ್ತರಿಂದ ಮೂವತ್ತರ ನಡುವಿನವೇ ಗುಂಪಾಗಿ ಬರುತ್ತವೆ. ಹಾಡುಗಳಲ್ಲಂತೂ ಹದಿಹರೆಯದ ಸುತ್ತಮುತ್ತಲಿನವು ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ನಾನು ಯಾರು ಎಂದು ಮೊದಲ ಬಾರಿಗೆ ಕೇಳಿಕೊಳ್ಳುವ ವಯಸ್ಸು ಅದು, ಆ ಪ್ರಶ್ನೆಯ ಜೊತೆಗೆ ಕಿವಿಗೆ ಬಿದ್ದದ್ದು ಉತ್ತರದ ಭಾಗವಾಗಿಬಿಡುತ್ತದೆ. ದೇಹವೂ ಸುಮ್ಮನಿರುವುದಿಲ್ಲ. ಮೈ ಜುಮ್ಮೆನ್ನುವ ಜಾಗ ಬರುವಾಗ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ತೋರಿಸಿದರು. ಆ ಜಾಗ ಬಂದಾಗ ಮಾತ್ರ ಅಲ್ಲ, ಇನ್ನೇನು ಬರುತ್ತದೆ ಎಂದು ಕಾಯುವಾಗಲೂ. ತಾಳದ ಮೊದಲ ಪೆಟ್ಟು, ಸಮ್, ಬರುವ ಮುನ್ನ ಮೈಯೆಲ್ಲ ಕಿವಿಯಾಗಿ ಕೂತಿರುತ್ತೇವಲ್ಲ, ಅದು. ಕಲಿತವರಾದ ನಿಮಗೆ ಅದರ ಪರಿಚಯ ಇದ್ದೇ ಇದೆ. ನಿಮ್ಮ ಮಗಳು ಅದನ್ನೇ ಬೇರೆ ಕಡೆ ಕಂಡುಕೊಂಡಿದ್ದಾಳೆ.

ಅರ್ಥವಾಗದ ಭಾಷೆಯ ಹಾಡಿಗೆ ಅಳುವುದು ನಿಮಗೆ ವಿಚಿತ್ರ ಅನ್ನಿಸಿದೆ. ಒಂದು ಕ್ಷಣ ನಮ್ಮ ನಾಡನ್ನೇ ನೆನೆಸಿಕೊಳ್ಳಿ. ಮೈಸೂರು ಸೀಮೆಯ ಮನೆಗಳಲ್ಲಿ ತೆಲುಗು ಬಾರದ ಅಜ್ಜಿಯರು ತ್ಯಾಗರಾಜರ ಕೃತಿ ಹಾಡಿ ಕಣ್ಣು ಒರೆಸಿಕೊಂಡಿದ್ದಾರೆ. ಧಾರವಾಡ, ಹುಬ್ಬಳ್ಳಿ, ಗದಗಿನಲ್ಲಿ ಒಂದು ಶತಮಾನದಿಂದ ಜನ ಬ್ರಜ್ ಭಾಷೆಯ ಬಂದಿಶ್‌ಗೆ, ಅಂದರೆ ಹಿಂದೂಸ್ತಾನಿ ರಚನೆಗೆ, ತಲೆದೂಗಿದ್ದಾರೆ, ಅದರ ಮಾತು ಬಿಡಿಸಿ ಹೇಳಿ ಎಂದರೆ ಹೆಚ್ಚಿನವರಿಗೆ ಆಗುವುದಿಲ್ಲ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಶುರುವಾದ ಮೇಲೆ ಹಿಂದಿ ಬಾರದ ಎಷ್ಟು ಹುಡುಗರು ರೇಡಿಯೋಕ್ಕೆ ಕಿವಿ ಹಚ್ಚಿ ಕೂತರು! ಅವರ ಅಪ್ಪಂದಿರಿಗೂ ಆಗ ನಿಮಗಿರುವ ಆತಂಕವೇ ಇತ್ತು. ಇನ್ನು ಬಿಟಿಎಸ್ ವಿಷಯ. ಅವರು 2013ರಲ್ಲಿ ರಂಗಕ್ಕೆ ಬಂದವರು. 2018ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಆ ತಂಡದ ಮುಂದಾಳು ಮಾತಾಡಿದ್ದು, ಯಾವ ಊರಿನವರಾದರೂ, ಮೈಬಣ್ಣ ಯಾವುದಾದರೂ, ನಿಮ್ಮ ಬಗ್ಗೆ ನೀವು ದನಿಯೆತ್ತಿ ಹೇಳಿಕೊಳ್ಳಿ ಎಂದು. ಹುಡುಗಿಯೊಬ್ಬಳು ಅದಕ್ಕೆ ಮನಸೋತರೆ ಅದರಲ್ಲಿ ಹೆದರುವಂಥದ್ದು ನನಗೆ ಕಾಣಲಿಲ್ಲ. ಇನ್ನೊಂದು ದೇಶದ ಲಿಪಿಯನ್ನು ಯಾರೂ ಹೇಳದೆ ತಾನೇ ಕೂತು ತಿದ್ದುವ ಮಗು ನಿಮ್ಮ ಮನೆಯಲ್ಲಿದೆ, ಇದನ್ನು ದೂರಿನ ಪಟ್ಟಿಯಿಂದ ತೆಗೆದುಬಿಡಿ.

ಈಗ ನನಗೆ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ.

ಹಾಡು ಬದುಕನ್ನು ಬದಲಿಸಿತು ಎನ್ನುವುದಕ್ಕೆ ನಮ್ಮ ಕಡೆ ಎಲ್ಲರೂ ಹೇಳುವ ಉದಾಹರಣೆ ಭೀಮಸೇನ ಜೋಶಿಯವರದು. ಗದಗಿನ ಹುಡುಗ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದರ ಧ್ವನಿಮುದ್ರಿಕೆ ಕೇಳಿ ಮರುಳಾಗಿ, 1933ರಲ್ಲಿ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಕಥೆ ನಿಜ, ಆದರೆ ಜನ ಅದನ್ನು ಅಲ್ಲಿಗೇ ನಿಲ್ಲಿಸುತ್ತಾರೆ, ಒಂದು ಗ್ರಾಮಫೋನ್ ತಟ್ಟೆಯೇ ಭೀಮಸೇನರನ್ನು ಮಾಡಿತೇನೋ ಎಂಬಂತೆ. ಅದೇ ಧ್ವನಿಮುದ್ರಿಕೆಯನ್ನು ಆ ಕಾಲದಲ್ಲಿ ಕೇಳಿದವರು ಸಾವಿರಾರು ಜನ. ಭೀಮಸೇನರನ್ನು ಮಾಡಿದ್ದು ಆಮೇಲಿನದು. ಗ್ವಾಲಿಯರ್, ಕಲ್ಕತ್ತಾ, ಜಲಂಧರ್ ಎಂದು ಅಲೆದದ್ದು, ಕೊನೆಗೆ ಕುಂದಗೋಳದಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಮನೆ ಸೇರಿದ್ದು, ಅಲ್ಲಿ ನೀರು ಹೊತ್ತು ಮನೆಗೆಲಸ ಮಾಡುತ್ತ ಬೆಳಗು ಬೈಗು ಕಂಠ ತಿದ್ದಿಕೊಂಡದ್ದು. ತಟ್ಟೆ ಕೊಟ್ಟದ್ದು ಹಂಬಲ. ಗಾಯಕನನ್ನು ಮಾಡಿದ್ದು ಗುರುಮನೆ, ಕೆಲಸ, ತಾಲೀಮು, ಜೊತೆಗಿದ್ದ ಜನ.

ಅದು ಹೇಗಾಗುತ್ತದೆ ಎಂಬುದನ್ನು ನಾನು ಕಲಿಸುವ ಕೋಣೆಯಲ್ಲಿ ಹತ್ತಿರದಿಂದ ಕಾಣುತ್ತೇನೆ. ಹೊಸದಾಗಿ ಬಂದ ಹುಡುಗಿಯರಲ್ಲಿ ಹೆಚ್ಚಿನವರು ಷಡ್ಜ, ಅಂದರೆ ಮೊದಲ ಸ್ವರ ‘ಸಾ’, ಹಚ್ಚುವಾಗ ನೆಲ ನೋಡುತ್ತಾರೆ. ಗಲ್ಲ ಎದೆಗೆ ತಾಗಿರುತ್ತದೆ, ಹೆಗಲು ಮುಂದಕ್ಕೆ ಬಾಗಿರುತ್ತದೆ, ಉಸಿರು ಕುತ್ತಿಗೆಯ ಮೇಲೇ ಆಡುತ್ತಿರುತ್ತದೆ. ದನಿ ಬರುವುದಿಲ್ಲವೆಂದಲ್ಲ, ಹೊರಗೆ ಬಿಡುವುದಿಲ್ಲ. ಮೆಲ್ಲಗೆ ಮಾತಾಡು, ಜೋರಾಗಿ ನಗಬೇಡ ಎಂದು ಮನೆಯಲ್ಲಿ ಕೇಳಿಕೇಳಿ ಗಂಟಲು ಅದನ್ನು ಕಲಿತುಬಿಟ್ಟಿರುತ್ತದೆ. ತಂಬೂರಿಯ ಮುಂದೆ ಅದು ನಡೆಯುವುದಿಲ್ಲ. ತಂತಿಯ ಷಡ್ಜಕ್ಕೆ ನಿಮ್ಮ ಷಡ್ಜ ಕೂಡಬೇಕಾದರೆ ಹೊಟ್ಟೆಯಿಂದ ಉಸಿರು ಬರಬೇಕು, ಬಾಯಿ ತೆರೆಯಬೇಕು, ಬೆನ್ನು ನೆಟ್ಟಗಾಗಬೇಕು. ಮಂದ್ರದ, ಅಂದರೆ ತಗ್ಗಿನ, ಸ್ವರಗಳಲ್ಲಿ ಬೆಳಗ್ಗೆ ಬೆಳಗ್ಗೆ ದನಿ ನಿಲ್ಲಿಸುವ ಅಭ್ಯಾಸ ತಿಂಗಳುಗಟ್ಟಲೆ ನಡೆದ ಮೇಲೆ ಒಂದು ದಿನ ಕೋಣೆ ತುಂಬುವಷ್ಟು ದನಿ ಬರುತ್ತದೆ. ಆ ದಿನ ಆ ಹುಡುಗಿ ತಲೆಯೆತ್ತಿ ಸುತ್ತ ನೋಡುತ್ತಾಳೆ, ಇದು ನನ್ನದೇನಾ ಎಂಬಂತೆ. ಆಮೇಲೆ ಅವಳು ಅಂಗಡಿಯವನ ಹತ್ತಿರ ಚಿಲ್ಲರೆ ಕೇಳುವ ದನಿಯೂ ಬೇರೆಯಾಗುತ್ತದೆ. ಸಂಗೀತ ವ್ಯಕ್ತಿತ್ವವನ್ನು ಕಟ್ಟುವುದು ಎಂದರೆ ನನ್ನ ಮಟ್ಟಿಗೆ ಇದು. ಅದು ಎದೆಗೂಡಿನಲ್ಲಿ, ಬೆನ್ನಿನಲ್ಲಿ, ಗಂಟಲಲ್ಲಿ ಆಗುವ ಕೆಲಸ. ಹಾಡಿನ ಸಂದೇಶ, ಹಾಡಿನ ನೀತಿ ಎಂಬ ಮಾತೆಲ್ಲ ಇದರ ಮುಂದೆ ಬಹಳ ಸಣ್ಣದು.

ಇದನ್ನು ಒಂದಿಡೀ ಬದುಕಿನ ಅಳತೆಯಲ್ಲಿ ನೋಡಬೇಕೆಂದರೆ ಗಂಗೂಬಾಯಿ ಹಾನಗಲ್ ಅವರನ್ನು ನೋಡಬೇಕು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಹಾಡುವ ಹೆಣ್ಣುಮಕ್ಕಳ ಮನೆತನ, ಆ ಕಾಲದ ಊರು ಅಂಥ ಮನೆಯ ಹುಡುಗಿಗೆ ಒಂದು ಗುರುತನ್ನು ಹುಟ್ಟುವಾಗಲೇ ಅಂಟಿಸಿಬಿಡುತ್ತಿತ್ತು. ಬೀದಿಯಲ್ಲಿ ಹೋಗುವಾಗ ‘ಹಾಡುವವಳು’ ಎಂದು ಕುಹಕವಾಡಿದವರನ್ನು ಅವರು ಮುದಿವಯಸ್ಸಿನಲ್ಲೂ ಮರೆತಿರಲಿಲ್ಲ. ಅದೇ ಹಾಡನ್ನೇ ಹಿಡಿದು ಅವರು ಬೇರೆ ಗುರುತನ್ನು ಕಟ್ಟಿಕೊಂಡರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದಾಗ, ಸ್ವಾಗತಗೀತೆ ಹಾಡಿದಾಗ ಅವರಿಗೆ ಹನ್ನೊಂದು. ಆಮೇಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ರಾತ್ರಿ ಪಾಠ ಮುಗಿಸಿ ಹೊರಟರೆ ಅದೇ ಗುರುಮನೆಯಲ್ಲಿದ್ದ ಭೀಮಸೇನರು ಸ್ಟೇಷನ್‌ವರೆಗೆ ಜೊತೆಗೆ ಬಂದು ಬಿಡುತ್ತಿದ್ದರು. ಒಂದೇ ಪಲುಕನ್ನು, ಸ್ವರಗಳ ಒಂದು ಸಣ್ಣ ತುಣುಕನ್ನು, ದಿನಗಟ್ಟಲೆ ತಿದ್ದಿಸುವ ಗುರು ಸವಾಯಿ ಗಂಧರ್ವರು. ಒಂದನ್ನು ಸರಿಯಾಗಿ ಮಾಡುವವರೆಗೆ ಮುಂದಿನದರ ಆಸೆ ಪಡಬಾರದು ಎಂಬ ಆ ತಾಳ್ಮೆ ಗಂಗೂಬಾಯಿಯವರ ಗಾಯನದಲ್ಲೂ ಇದೆ, ಬದುಕಿನಲ್ಲೂ ಇದೆ.

ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅವರ ದನಿ ತಗ್ಗಿಗೆ ಇಳಿಯಿತು. ಎಳೆಯ ವಯಸ್ಸಿನ ಧ್ವನಿಮುದ್ರಿಕೆಗಳನ್ನೂ ಆಮೇಲಿನವನ್ನೂ ಒಟ್ಟಿಗೆ ಕೇಳಿದರೆ ಇಬ್ಬರು ಬೇರೆ ಬೇರೆ ಹಾಡುತ್ತಿದ್ದಾರೆ ಎಂದೇ ಅನ್ನಿಸುತ್ತದೆ. ಹೊಸದಾಗಿ ಕೇಳಿದವರು ಗಂಡಸಿನ ದನಿ ಎಂದುಕೊಂಡದ್ದೂ ಉಂಟು. ಹೆಣ್ಣಿನ ಹಾಡು ಇಂಪಾಗಿ, ತೆಳ್ಳಗೆ ಇರಬೇಕು ಎಂಬ ಕಾಲದಲ್ಲಿ ಅದು ಯಾರನ್ನಾದರೂ ಮೂಲೆಗೆ ತಳ್ಳಬಹುದಿತ್ತು. ಅವರು ಮೂಲೆ ಸೇರಲಿಲ್ಲ, ಆ ದನಿಯಲ್ಲೇ ಹಾಡಿದರು, ಅದೇ ಅವರ ಛಾಪಾಯಿತು. ಗಂಡಸು ಹಾಡಿದರೆ ಮುಸ್ಲಿಮನಾದರೆ ಉಸ್ತಾದ್, ಹಿಂದೂವಾದರೆ ಪಂಡಿತ್, ಹೆಣ್ಣು ಮಾತ್ರ ಎಷ್ಟು ದೊಡ್ಡವಳಾದರೂ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂದು ಅವರು ಬಿಚ್ಚಿ ಹೇಳಿದ ಮಾತು ಪ್ರಸಿದ್ಧ. ಅಷ್ಟು ಸ್ಪಷ್ಟವಾಗಿ ಹೇಳುವ ಎದೆಗಾರಿಕೆ ಹಾಡಿನಿಂದ ಬಂತೇ ಎಂದು ಯಾರಾದರೂ ಕೇಳಿದರೆ ನಾನು ಹೌದು ಎನ್ನುತ್ತೇನೆ. ಹಾಡು ಬೋಧಿಸಿದ್ದರಿಂದ ಬಂದದ್ದಲ್ಲ ಅದು. ಸಾವಿರ ಜನರ ಮುಂದೆ ತನ್ನದೇ ದನಿಯಲ್ಲಿ ನಿಲ್ಲುವುದನ್ನು ದಶಕಗಳ ಕಾಲ ಮಾಡಿದ್ದರಿಂದ ಬಂದದ್ದು.

ಗುರುತು ಕಟ್ಟುವ ಸಂಗೀತವೇ ಗುರುತನ್ನು ಹೇರಲೂಬಹುದು, ಇದನ್ನೂ ಹೇಳದೆ ಬಿಡಬಾರದು. ತಮಟೆ, ಹಲಗೆಗಳನ್ನೇ ನೋಡಿ. ಊರಿನ ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಬಾರಿಸುವುದು ದಲಿತರ ಮೇಲೆ ಹೊರಿಸಿದ ಚಾಕರಿಯಾಗಿತ್ತು. ದಲಿತ ಚಳವಳಿ ಬೆಳೆದಾಗ, ಇನ್ನು ನಿಮ್ಮ ಸಾವಿಗೆ ನಾವು ಬಾರಿಸುವುದಿಲ್ಲ ಎಂದು ಹಲಗೆ ಕೆಳಗಿಟ್ಟ ಊರುಗಳಿವೆ. ಅದೇ ಹಲಗೆಯನ್ನು ಹೋರಾಟದ ಮೆರವಣಿಗೆಯ ಮುಂದೆ ತಾವಾಗಿ ಎತ್ತಿಕೊಂಡವರೂ ಅವರೇ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಚರ್ಮ ಅದೇ, ಪೆಟ್ಟು ಅದೇ. ಬಾರಿಸು ಎಂದು ಇನ್ನೊಬ್ಬರು ಹೇಳಿದರೋ, ತಾನೇ ಬಾರಿಸಿದನೋ ಎಂಬುದರ ಮೇಲೆ ಅದು ಅವಮಾನವಾಗುತ್ತದೆ ಅಥವಾ ಹೆಮ್ಮೆಯಾಗುತ್ತದೆ. ಜೋಗತಿ ಮಂಜಮ್ಮನವರ ಬದುಕೂ ಇದನ್ನೇ ಹೇಳುತ್ತದೆ. ಹುಟ್ಟಿನ ಗಂಡು ಗುರುತು ಒಗ್ಗದೆ ಮನೆಯಿಂದ ಹೊರಬಿದ್ದ ಜೀವಕ್ಕೆ ಕಾಳವ್ವ ಜೋಗತಿ ಕಲಿಸಿದ ಹಾಡು ಕುಣಿತವೇ ನೆಲೆಯಾಯಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಸಮಾಜ ಜಾಗ ಕೊಡದಿದ್ದಾಗ ಹಾಡಿನ ಬಳಗ ಜಾಗ ಕೊಟ್ಟಿತು.

ಬಳಗ ಎಂದೆ. ಜರ್ಮನಿಯಲ್ಲಿ ಕಿರ್ಶ್ನರ್ ಮತ್ತು ಟೊಮಾಸೆಲ್ಲೊ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನಾಲ್ಕು ವರ್ಷದ ಮಕ್ಕಳು ಜೋಡಿಯಾಗಿ ಆಡಿದರು. ಕೆಲವು ಜೋಡಿಗಳು ಹಾಡುತ್ತ, ಲಯಕ್ಕೆ ಹೆಜ್ಜೆ ಹಾಕುತ್ತ ಆಡಿದವು, ಉಳಿದವು ಅದೇ ಆಟವನ್ನು ಹಾಡಿಲ್ಲದೆ ಆಡಿದವು. ಆಮೇಲೆ ಒಬ್ಬರಿಗೆ ತೊಂದರೆಯಾದಾಗ ನೆರವಿಗೆ ಹೆಚ್ಚು ಹೋದದ್ದು ಒಟ್ಟಿಗೆ ಹಾಡಿದ ಮಕ್ಕಳು. ಭಜನೆ ಮೇಳದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ನಿಮ್ಮ ಮಗಳ ವಿಷಯದಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಇದೇ: ಆ ಹಾಡುಗಳನ್ನು ಅವಳು ಯಾರ ಜೊತೆ ಹಂಚಿಕೊಳ್ಳುತ್ತಾಳೆ? ಕಾಲೇಜಿನಲ್ಲಿ ಇಬ್ಬರು ಮೂವರು ಗೆಳತಿಯರಿದ್ದು, ಒಟ್ಟಿಗೆ ಹಾಡಿ ಕುಣಿಯುತ್ತಾರೆ ಎಂದಾದರೆ ಅವಳಿಗೆ ಬಳಗ ಇದೆ. ಹಾಡು ಅವಳನ್ನು ಲೋಕದಿಂದ ಮುಚ್ಚಿಡುವ ಬಾಗಿಲಾಗಿದ್ದರೆ, ಆಗ ಯೋಚಿಸಬೇಕಾದದ್ದು ಹಾಡಿನ ಬಗ್ಗೆ ಅಲ್ಲ, ಬಾಗಿಲು ಮುಚ್ಚಬೇಕು ಎಂದು ಅವಳಿಗೆ ಏಕೆ ಅನ್ನಿಸಿತು ಎಂಬುದರ ಬಗ್ಗೆ.

ಇದು ನಿಮ್ಮ ಎರಡನೇ ಪ್ರಶ್ನೆಗೆ ತಂದು ನಿಲ್ಲಿಸಿತು. ದುಃಖದ ಹಾಡು ಕೇಳುವುದು ದುಃಖದ ಲಕ್ಷಣವಲ್ಲ. ಬಹಳ ಜನರಿಗೆ ಅದು ಸಮಾಧಾನ ಕೊಡುತ್ತದೆ, ತಮಗೆ ಹೇಳಲು ಬಾರದ್ದನ್ನು ಇನ್ನೊಬ್ಬರು ಹೇಳಿದ ಹಾಗೆ ಆಗುತ್ತದೆ. ಅಳು ಬಂದು, ಹಾಡು ಮುಗಿದು, ಎದ್ದು ಊಟಕ್ಕೆ ಬರುತ್ತಾಳಾದರೆ ಬಿಟ್ಟುಬಿಡಿ. ಆದರೆ ಒಂದೇ ಕಹಿ ಯೋಚನೆಯನ್ನು ಮೆಲುಕು ಹಾಕುವ ಸ್ವಭಾವದವರಿಗೆ, ಮೊದಲೇ ಖಿನ್ನತೆಯಲ್ಲಿರುವವರಿಗೆ, ಅದೇ ಹಾಡು ಮನಸ್ಸನ್ನು ಇನ್ನಷ್ಟು ತಗ್ಗಿಸುವುದುಂಟು. ಹಾಡನ್ನು ಬಿಟ್ಟು ಉಳಿದದ್ದನ್ನು ಗಮನಿಸಿ. ನಿದ್ದೆ ಕೆಟ್ಟಿದೆಯೇ, ಊಟ ಬಿಟ್ಟಿದ್ದಾಳೆಯೇ, ಗೆಳತಿಯರನ್ನು ದೂರ ಮಾಡಿದ್ದಾಳೆಯೇ, ಇಷ್ಟದ ಕೆಲಸಗಳಲ್ಲೂ ಆಸಕ್ತಿ ಹೋಗಿ ವಾರಗಳಾದವೇ, ಬದುಕುವುದೇ ಬೇಡ ಎಂಬಂಥ ಮಾತು ಬಂದಿದೆಯೇ? ಇವುಗಳಲ್ಲಿ ಯಾವುದಾದರೂ ಇದ್ದರೆ ತಡ ಮಾಡದೆ ವೈದ್ಯರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯವರು ಹಣ ತೆಗೆದುಕೊಳ್ಳದೆ ಮಾತಾಡುತ್ತಾರೆ, ಕನ್ನಡದಲ್ಲೇ. ಇಯರ್‌ಫೋನಿನ ಬಗ್ಗೆ ನನ್ನ ನಿಜವಾದ ಚಿಂತೆ ಕಿವಿಯದು: ವಾರಕ್ಕೆ ನಲವತ್ತು ಗಂಟೆ ಕೇಳುವುದಾದರೆ ಸದ್ದು 80 ಡೆಸಿಬಲ್ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಕ್ಕದಲ್ಲಿ ಕೂತ ನಿಮಗೂ ಅವಳ ಹಾಡು ಕೇಳಿಸುತ್ತಿದ್ದರೆ ಅದು ಜೋರಾಯಿತು.

ದಿನವಿಡೀ ಕೇಳುವುದು ಸೋಮಾರಿತನ ಎಂದು ನಿಮಗೆ ಅನ್ನಿಸಿದ್ದರೆ ಕುಮಾರ ಗಂಧರ್ವರನ್ನು ನೆನೆಯಿರಿ. ಬೆಳಗಾವಿ ಹತ್ತಿರದ ಸುಳೇಭಾವಿಯವರು, ಬಾಲಕನಾಗಿದ್ದಾಗಲೇ ದೊಡ್ಡ ಹೆಸರು. ಇಪ್ಪತ್ತರ ಹರೆಯದಲ್ಲಿ ಕ್ಷಯ ಬಡಿದು, ಹಾಡಲೇಬಾರದು ಎಂದು ವೈದ್ಯರು ಹೇಳಿ, ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದರು. ಮಲಗಿದ್ದಲ್ಲೇ ಮಾಳವದ ಹಳ್ಳಿಗರ ಹಾಡು ಕಿವಿಗೆ ಬೀಳುತ್ತಿತ್ತು. ಎದ್ದು ಮತ್ತೆ ಹಾಡಿದಾಗ ಒಂದು ಶ್ವಾಸಕೋಶದ ಬಲ ಹೋಗಿತ್ತು, ಹಾಡೇ ಬೇರೆಯಾಗಿತ್ತು. ಆ ಜನಪದ ಧಾಟಿಗಳಿಂದ ಹೊಸ ರಾಗಗಳೇ ಹುಟ್ಟಿದ್ದವು. ಅಂಥ ಕೇಳ್ಮೆಯೂ ಒಂದು ಕೆಲಸ. ನಿಮ್ಮ ಮಗಳು ಕೇಳುವುದರಲ್ಲಿ ಎಷ್ಟು ಆ ಬಗೆಯದು ಎಂದು ತಿಳಿಯಬೇಕಾದರೆ ಅವಳ ಪಕ್ಕ ಕೂತು ಕೇಳಬೇಕು. ಇಲ್ಲಿ ಯಾವ ಜಾಗ ನಿನಗೆ ಇಷ್ಟ ಎಂದು ಕೇಳಿ ನೋಡಿ. ದನಿ ಎಲ್ಲಿ ಬಿರಿಯುತ್ತದೆ, ಲಯ ಎಲ್ಲಿ ತಿರುಗುತ್ತದೆ ಎಂದು ತೋರಿಸಿದಳೆಂದರೆ ಆ ಕಿವಿ ಕಲಿಯಲು ತಯಾರಾಗಿದೆ ಎಂದರ್ಥ.

ಇನ್ನು ಕ್ಲಾಸಿನ ಮಾತು. ವಯಸ್ಸು ಖಂಡಿತ ಮೀರಿಲ್ಲ. ಹದಿನಾರಕ್ಕೆ ಶುರು ಮಾಡಿ ಚೆನ್ನಾಗಿ ಹಾಡುವವರನ್ನು ನಾನು ಬಲ್ಲೆ. ಬೇಗ ಶುರು ಮಾಡಿ ಅಮ್ಮನ ಒತ್ತಾಯಕ್ಕೆ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಸರ್ಟಿಫಿಕೇಟ್ ಬಂದ ಮರುದಿನ ಪೇಟಿ ಮುಚ್ಚಿದವರನ್ನೂ ಬಲ್ಲೆ. ಆದರೆ ‘ಸರಿಹೋಗಲಿ’ ಎಂದು ಕ್ಲಾಸಿಗೆ ಹಾಕಬೇಡಿ. ಶಿಕ್ಷೆಯಾಗಿ ಬಂದ ರಾಗ ಹೊರಿಸಿದ ಹಲಗೆಯಷ್ಟೇ ಭಾರ. ಅವಳಿಗೆ ಬೇಕಾದದ್ದು ಗಿಟಾರ್ ಆಗಿದ್ದರೆ ಗಿಟಾರ್, ಕುಣಿತವಾದರೆ ಕುಣಿತ. ನೀವು ಕೇಳಿ ತಿಳಿಯಬೇಕಾದದ್ದು ಒಂದೇ: ಕಲಿಸುವವರು ಮಕ್ಕಳಿಗೆ ತಪ್ಪು ಹಾಡಲು ಬಿಡುತ್ತಾರೆಯೇ, ಅಥವಾ ನಾಲ್ಕು ಜನರ ಮುಂದೆ ಹೀಯಾಳಿಸುತ್ತಾರೆಯೇ. ಹೀಯಾಳಿಸುವವರ ಹೆಸರು ಎಷ್ಟೇ ದೊಡ್ಡದಿರಲಿ, ಆ ಮೆಟ್ಟಿಲು ಹತ್ತಬೇಡಿ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತೊಂದಿದೆ: ‘ನಾನೂ ಕಲಿತಿದ್ದೆ, ಬಿಟ್ಟುಹೋಯಿತು.’ ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಒಳ್ಳೆಯ ಹಾಡುಗಾರ್ತಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತನ್ನ ಧಾಟಿ ಅಡ್ಡ ಬರಬಾರದು ಎಂದು ಅವರು ತಮ್ಮ ಹಾಡನ್ನೇ ನಿಲ್ಲಿಸಿದರು. ಆ ತ್ಯಾಗದ ಮುಂದೆ ತಲೆಬಾಗುತ್ತೇನೆ, ಆದರೆ ಇನ್ನೊಬ್ಬ ತಾಯಿಯಿಂದ ಅದನ್ನು ಕೇಳಲಾರೆ. ನಿಮ್ಮಿಂದ ನಾನು ಕೇಳುವುದು ಅದರ ಉಲ್ಟಾ. ಮಗಳನ್ನು ಕ್ಲಾಸಿಗೆ ಕಳಿಸುವ ಮೊದಲು ನೀವು ಹಾಡಿ. ಮನೆಯಲ್ಲಿ ಹಾಡುವ ದೊಡ್ಡ ಹೆಂಗಸೊಬ್ಬಳಿದ್ದಾಳೆ ಎಂಬುದನ್ನು ನೋಡುತ್ತ ಬೆಳೆದ ಹುಡುಗಿಗೆ ಹಾಡು ಎಂದರೆ ಏನೆಂದು ಬೇರೆ ಯಾರೂ ಹೇಳಬೇಕಾಗುವುದಿಲ್ಲ.

ತಂಬೂರಿ ಮಾರಿಬಿಟ್ಟಿದ್ದರೆ ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಸಿಗುತ್ತದೆ, ಮಗಳಿಗೇ ಹೇಳಿದರೆ ಒಂದು ನಿಮಿಷದಲ್ಲಿ ಹಾಕಿಕೊಡುತ್ತಾಳೆ. ಶ್ರುತಿಯನ್ನು ನಿಮ್ಮ ಹಳೆಯ ಶ್ರುತಿಗಿಂತ ಒಂದೆರಡು ಸ್ವರ ಕೆಳಗಿಟ್ಟುಕೊಳ್ಳಿ, ವಯಸ್ಸಿನ ಜೊತೆ ಕಂಠ ಇಳಿಯುವುದು ಸಹಜ. ಮೊದಲ ವಾರ ರಾಗದ ಗೋಜಿಗೆ ಹೋಗದೆ ಷಡ್ಜ ಮತ್ತು ಮಂದ್ರದ ಸ್ವರಗಳನ್ನು ಉಸಿರಿರುವಷ್ಟು ಹೊತ್ತು ನಿಲ್ಲಿಸಿ, ಗಂಟಲು ಒತ್ತಬೇಡಿ. ಆಮೇಲೆ ನಿಮ್ಮ ಮನೆಯ ವಚನಗಳಲ್ಲಿ ಒಂದನ್ನು ತೆಗೆದುಕೊಳ್ಳಿ. ಮಲ್ಲಿಕಾರ್ಜುನ ಮನಸೂರರು ವಚನಗಳನ್ನು ಹಾಡಿದ ಧ್ವನಿಮುದ್ರಣಗಳಿವೆ, ಮಗಳ ಪಕ್ಕ ಕೂತು ಅವಳ ಹಾಡು ಕೇಳಿದ ಮೇಲೆ ಒಂದನ್ನು ಅವಳಿಗೂ ಕೇಳಿಸಿ. ಇಷ್ಟವಾಯಿತೇ ಎಂದು ಪೀಡಿಸಬೇಡಿ. ಕುಂದಗೋಳ ನಿಮ್ಮ ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವ ರೈಲು ದಾರಿಯಲ್ಲೇ ಇದೆ. ಅಲ್ಲಿನ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವ ಪ್ರತಿವರ್ಷ ನಡೆಯುತ್ತದೆ. ಈ ಸಲ ಇಬ್ಬರೂ ಹೋಗಿಬನ್ನಿ, ಅವಳು ಗೆಳತಿಯೊಬ್ಬಳನ್ನು ಕರೆಯುತ್ತೇನೆ ಎಂದರೆ ಬೇಡ ಎನ್ನಬೇಡಿ.